ಮುಖಕ್ಕೆ ಹಚ್ಚುವ ಆಮ್ಲಗಳು

ಗಜೇಂದ್ರಗಡದಲ್ಲಿ ನಮ್ಮ ತಂಗಿಯ ಮಗಳು ಕಳೆದ ವರುಷ ಹೆಂಗಸರ ಸಲುವಾಗಿ ಒಂದು ಚಿಕ್ಕ ಪ್ರಸಾಧನಗೃಹವನ್ನು ತೆರೆದಳು. ಈಗಿನ ಮಾತಿನಲ್ಲಿ ಅದಕ್ಕೆ ಬ್ಯೂಟಿ ಪಾರ್ಲರ್ ಎನ್ನುವರು. ಹುಬ್ಬು ತಿದ್ದುವದು, ಕೂದಲು ಕತ್ತರಿಸುವದು, ಮದುವಣಗಿತ್ತಿಯನ್ನು ಸಿಂಗರಿಸುವದು, ಇಷ್ಟರಿಂದ ಆಕೆಯ ಕೆಲಸವು ಮೊದಲಾಯಿತು. ಕೆಲವು ತಿಂಗಳು ಕಳೆಯುವಷ್ಟರಲ್ಲಿ, ಬಂದವರು ಮುಖದ ಮೇಲಿನ ಸತ್ತ ತೊಗಲನ್ನು ತೆಗೆಯುವ ಉಪಚಾರವನ್ನು ಕೇಳತೊಡಗಿದರು. ಮೊಬಾಯಿಲಿನಲ್ಲಿ ನೋಡಿ ಬಂದವರಾದುದರಿಂದ ಸೀರಮ್ಮಿನ ಹೆಸರನ್ನೂ ಅದರ ಶೇಕಡಾ ಪ್ರಮಾಣವನ್ನೂ ತಾವೇ ಹೇಳುತ್ತಿದ್ದರು. ಆಗ ಆಕೆಯು ಮಾರಾಟಗಾರನು ಕೊಟ್ಟ ಬೆಲೆಪಟ್ಟಿಯನ್ನು ಹಿಡಿದುಕೊಂಡು ರೋಣಕ್ಕೆ ನಮ್ಮಲ್ಲಿಗೆ ಬಂದಳು. ಮೂವತ್ತು ವರುಷ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಕಲಿಸಿದ ಸೋದರಮಾವನಿಗೆ ಆಮ್ಲಗಳ ಸಂಗತಿಯು ತಿಳಿಯದೆ ಇರಲಾರದೆಂಬದು ಆಕೆಯ ನಂಬಿಗೆ.

ಪಟ್ಟಿಯಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಶೀಶೆಗಳ ಹೆಸರಿದ್ದವು. ಆಕೆಯು ಕೇಳಿದ ಮೊದಲನೆಯ ಪ್ರಶ್ನೆ: "ಮಾವಾ, ಇವುಗಳಲ್ಲಿ ಎಲ್ಲಕ್ಕಿಂತ ಜೋರಾದದ್ದು ಯಾವದು?"

ನಾವು ಕೆಲಹೊತ್ತು ಸುಮ್ಮನೆ ಕುಳಿತೆವು. ಆರು ವರುಷಗಳ ಹಿಂದೆ ಇದೇ ಮಾತನ್ನು ನಾವೇ ಬೇರೊಂದು ಕಡೆಯಲ್ಲಿ ಆಡಿದ್ದೆವು.

ನರಗುಂದದಲ್ಲಿರುವ ನಮ್ಮ ಅಣ್ಣನ ಮಗಳ ಲಗ್ನವು ಆ ವರುಷ ವೈಶಾಖದಲ್ಲಿ ಗೊತ್ತಾಗಿತ್ತು. ಹುಡುಗಿಯ ಬಣ್ಣ ಸ್ವಲ್ಪ ಕಡಿಮೆಯೆಂದು ಗಂಡಿನ ಕಡೆಯ ಹಿರಿಯಳೊಬ್ಬಳು ಆಡಿದ ಮಾತು ನಮ್ಮ ಕಿವಿಗೆ ಬಿದ್ದಿತು. ಅಣ್ಣನಿಗೆ ಇಂಥ ವಿಷಯ ತಿಳಿಯದೆಂದು ನಾವೇ ಮುಂದಾಗಿ, ಲಗ್ನಕ್ಕೆ ಹನ್ನೆರಡು ದಿನ ಉಳಿದಿರುವಾಗ ಆಕೆಯನ್ನು ಪಟ್ಟಣವೊಂದರ ಪಾರ್ಲರಿಗೆ ಕರೆದೊಯ್ದೆವು. "ಹಣಕ್ಕೆ ನೋಡಬೇಡಿರಿ, ಜೋರಾದದ್ದನ್ನೇ ಹಚ್ಚಿರಿ" ಎಂದು ಹೇಳಿದವರೂ ನಾವೇ. ಹುಡುಗಿಯು ಈ ಮೊದಲು ಮುಖಕ್ಕೆ ಏನು ಹಚ್ಚಿಕೊಳ್ಳುತ್ತಿದ್ದಳೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅಂದು ಸಂಜೆಯೇ ಮುಖ ಉರಿಯತೊಡಗಿತು. ನಾಲ್ಕೈದು ದಿನಗಳಲ್ಲಿ ಸಿಪ್ಪೆಯೆದ್ದು, ಎರಡೂ ಕೆನ್ನೆಯೆಲುಬುಗಳ ಮೇಲೆ ಮಸಿಯ ಬಣ್ಣದ ಕಲೆಗಳು ಮೂಡಿದವು. ಅರಿಷಿಣ ಹಚ್ಚುವ ದಿನ ಮುತ್ತೈದೆಯರು ಪದ್ಧತಿಯಂತೆ ಅರಿಷಿಣವನ್ನೂ ಕಡಲೆಹಿಟ್ಟನ್ನೂ ಕಲಸಿ ತಿಕ್ಕಿದಾಗ ಆಕೆಯ ಕಣ್ಣಲ್ಲಿ ನೀರು ಬಂದಿತು. ನೋಡಿದವರು ಅದನ್ನು ತವರನ್ನು ಅಗಲುವ ದುಃಖವೆಂದು ತಿಳಿದರು. ಲಗ್ನದ ಭಾವಚಿತ್ರಗಳಲ್ಲಿ ಸೆರಗು ಕೆನ್ನೆಯವರೆಗೆ ಬಂದಿದೆ. ಆ ಕಲೆಗಳು ಪೂರ್ಣವಾಗಿ ಮಾಯಲು ಮರುವರುಷದ ಯುಗಾದಿ ಬರಬೇಕಾಯಿತು. ಆಕೆಯ ಗಂಡನು ಒಂದು ದಿನವೂ ಆ ಮಾತನ್ನು ಎತ್ತಲಿಲ್ಲವಂತೆ.

ಹೀಗೆ ಒಮ್ಮೆ ತಪ್ಪಿದ ಮೇಲೆ ನಾವು ಈ ವಿಷಯವನ್ನು ಸಾವಕಾಶವಾಗಿ ಓದಿದೆವು. ಬಲ್ಲ ಚರ್ಮವೈದ್ಯರನ್ನು ಕೇಳಿದೆವು. ತಂಗಿಯ ಮಗಳಿಗೆ ಹೇಳಿದ್ದನ್ನೇ ವಾಚಕರ ಮುಂದೆಯೂ ಇಡುತ್ತೇವೆ.

ನಮ್ಮ ತೊಗಲಿನ ಎಲ್ಲಕ್ಕೂ ಮೇಲಿನ ಪದರವು ಸತ್ತ ಕಣಗಳ ಹೊದಿಕೆಯಾಗಿದೆ. ಕೆಳಗೆ ಹುಟ್ಟಿದ ಕಣವು ಮೇಲಕ್ಕೆ ಸರಿದು ಬಂದು ಉದುರಿಹೋಗಲು ತಾರುಣ್ಯದಲ್ಲಿ ಸುಮಾರು 28 ದಿನಗಳು ಬೇಕು. ವಯಸ್ಸಾದಂತೆ ಈ ಅವಧಿಯು ಬೆಳೆಯುವದು. ಉದುರಬೇಕಾದುದು ಉದುರದೆ ನಿಂತಾಗ ಮುಖವು ಮಂಕಾಗಿ ಕಾಣುವದು. ನಮ್ಮ ತಾಯಂದಿರು ಇದಕ್ಕೆ ಎರೆಹೊಲದ ಕಡಲೆಯ ಹಿಟ್ಟನ್ನು ಮೊಸರಿನಲ್ಲಿ ಕಲಸಿ ತಿಕ್ಕುತ್ತಿದ್ದರು. ಹಿಟ್ಟು ಉಜ್ಜಿ ತೆಗೆಯುವದು. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವು ಸತ್ತ ಕಣಗಳ ನಡುವಿನ ಅಂಟನ್ನು ಸಡಿಲಿಸುವದು. ಈ ಆಮ್ಲವನ್ನು ಹುಳಿತ ಹಾಲಿನಿಂದ ಬೇರ್ಪಡಿಸಿದವನು ಸ್ವೀಡನ್ನಿನ ಶೀಲೆ ಎಂಬ ರಸಾಯನಜ್ಞ, ಅದು 1780ರಲ್ಲಿ. ಇಂದು ಶೀಶೆಯಲ್ಲಿ ಬರುವ ಇತರ ಆಮ್ಲಗಳೂ ಮೂಲತಃ ಇಂಥವೇ. ಗ್ಲೈಕೋಲಿಕ್ ಆಮ್ಲವು ಕಬ್ಬಿನಲ್ಲಿದೆ. ಮ್ಯಾಂಡೆಲಿಕ್ ಆಮ್ಲವು ಕಹಿಬಾದಾಮಿಯಿಂದ ದೊರೆತದ್ದು. ಸ್ಯಾಲಿಸಿಲಿಕ್ ಆಮ್ಲದ ಬಳಗವು ವಿಲೋ ಮರದ ತೊಗಟೆಯಿಂದ ಬಂದದ್ದು. ಮನೆಯ ಮೊಸರಿಗೂ ಪಾರ್ಲರಿನ ಶೀಶೆಗೂ ಇರುವ ಅಂತರವು ಬಹಳ ಮಾಡಿ ಪ್ರಮಾಣದ್ದು. ಆದರೆ ಪ್ರಮಾಣದ ಅಂತರವು ಸಣ್ಣದಲ್ಲ. ಒಲೆಯಲ್ಲಿರುವದೂ ಬಣವೆಗೆ ಹತ್ತುವದೂ ಒಂದೇ ಬೆಂಕಿಯಷ್ಟೆ.

ಇನ್ನು ಆಯ್ಕೆಯ ವಿಚಾರ. ಮೊದಲು ನೋಡತಕ್ಕದ್ದು ಅಣುವಿನ ಗಾತ್ರವನ್ನು. ಗ್ಲೈಕೋಲಿಕ್ ಆಮ್ಲದ ಅಣುಭಾರವು 76, ಲ್ಯಾಕ್ಟಿಕ್‌ನದು 90, ಮ್ಯಾಂಡೆಲಿಕ್‌ನದು 152. ಚಿಕ್ಕ ಅಣುವು ಬೇಗನೆ ಆಳಕ್ಕೆ ಇಳಿಯುವದು; ದೊಡ್ಡದು ತಡೆದು ತಡೆದು ಇಳಿಯುವದು. ಬೇಗ ಇಳಿಯುವದು ಒಳ್ಳೆಯದಲ್ಲವೇ ಎಂದು ಕೇಳಬಹುದು. ಬಿಳಿಯರ ತೊಗಲಿಗೆ ಒಂದು ವೇಳೆ ಹೌದೆನ್ನಬಹುದು. ನಮ್ಮ ಗೋದಿಬಣ್ಣದ, ಎಣ್ಣೆಗಪ್ಪಿನ ತೊಗಲಿನ ಸ್ವಭಾವವೇ ಬೇರೆ. ಬಣ್ಣವನ್ನು ತಯಾರಿಸುವ ಕಣಗಳ ಸಂಖ್ಯೆಯು ಎಲ್ಲ ಜನರಲ್ಲಿಯೂ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಅವು ಹೆಚ್ಚು ಚುರುಕಾಗಿವೆ. ಉರಿ, ಗಾಯ, ಕೆರೆತ, ಯಾವದೇ ಪೀಡೆ ತಗಲಿದರೂ ಅವು ಬೇಕಾದುದಕ್ಕಿಂತ ಹೆಚ್ಚು ಬಣ್ಣವನ್ನು ಸುರಿಯುವವು. ಆದುದರಿಂದ ಬಿಳುಪಾಗಲೆಂದು ಹಚ್ಚಿದ ಜೋರಾದ ಆಮ್ಲವು ಮುಖವನ್ನು ಕಪ್ಪು ಮಾಡುವದು. ನರಗುಂದದ ಹುಡುಗಿಗೆ ಆದದ್ದು ಇದೇ.

ಎರಡನೆಯದಾಗಿ, ಶೇಕಡಾ ಪ್ರಮಾಣವೊಂದನ್ನೇ ನೋಡಿದರೆ ಸಾಲದು, ಪಿ.ಎಚ್. ಅಂಕವನ್ನೂ ನೋಡಬೇಕು. ಆಮ್ಲವು ಕೆಲಸ ಮಾಡುವದು ಅದು ಬಿಡಿಯಾಗಿದ್ದಾಗ. ಲವಣವಾಗಿ ಕಟ್ಟಿಕೊಂಡ ಭಾಗವು ಗೂಟಕ್ಕೆ ಕಟ್ಟಿದ ಎತ್ತಿನಂತೆ ಇದ್ದೂ ದುಡಿಯದು. ಗ್ಲೈಕೋಲಿಕ್ ಆಮ್ಲವು ಪಿ.ಎಚ್. 3.8ರ ಸುಮಾರಿಗೆ ಅರ್ಧ ಬಿಡಿ, ಅರ್ಧ ಕಟ್ಟು. ಅಂಕವು ಇಳಿದಂತೆ ಬಿಡಿಯ ಭಾಗವು ಏರುವದು. ಹೀಗಾಗಿ ಶೇಕಡಾ 20ರ ಎರಡು ಶೀಶೆಗಳಲ್ಲಿ ಒಂದು ಸೌಮ್ಯವಾಗಿಯೂ ಇನ್ನೊಂದು ಸುಡುವಂತೆಯೂ ಇರಬಹುದು. ಪಿ.ಎಚ್. ಹೇಳದ ಶೀಶೆಯನ್ನು ಕೊಳ್ಳಬೇಡವೆಂದು ನಾವು ಆಕೆಗೆ ಖಂಡಿತವಾಗಿ ಹೇಳಿದೆವು. ಗ್ಲೈಕೋಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳನ್ನು ಕುರಿತು ಅಮೆರಿಕದ ಪ್ರಸಾಧನದ್ರವ್ಯಗಳ ಪರೀಕ್ಷಕ ಮಂಡಲಿಯು 1998ರಲ್ಲಿ ಪ್ರಕಟಿಸಿದ ಅಭಿಪ್ರಾಯವು ಈಗಲೂ ಮಾರ್ಗದರ್ಶಕವಾಗಿದೆ. ಮನೆಯಲ್ಲಿ ಬಳಸುವದು ಶೇಕಡಾ 10ನ್ನು ಮೀರಬಾರದು, ಪಿ.ಎಚ್. 3.5ಕ್ಕಿಂತ ಕೆಳಗಿರಬಾರದು, ಕಲಿತವರು ಪಾರ್ಲರಿನಲ್ಲಿ ಬಳಸುವದು ಶೇಕಡಾ 30ನ್ನು ಮೀರಬಾರದು, ಪಿ.ಎಚ್. 3ಕ್ಕಿಂತ ಕೆಳಗಿರಬಾರದು, ಸ್ವಲ್ಪ ಹೊತ್ತಿನಲ್ಲಿಯೇ ಪೂರ್ಣವಾಗಿ ತೊಳೆಯಬೇಕು, ಬಿಸಿಲಿನಿಂದ ಕಾಪಾಡಿಕೊಳ್ಳಬೇಕು. ಅದಕ್ಕೂ ಮೇಲಿನದು ವೈದ್ಯರ ಕೈಯ ಕೆಲಸ.

ಮೂರನೆಯದು ಮುಖದ ಸ್ವಭಾವ. ಎಣ್ಣೆಯ ಮುಖ, ಮೊಡವೆ, ಕಪ್ಪುಚುಕ್ಕೆ ಇದ್ದವರಿಗೆ ಸ್ಯಾಲಿಸಿಲಿಕ್ ಆಮ್ಲವು ತಕ್ಕದ್ದು. ಅದು ಎಣ್ಣೆಯಲ್ಲಿ ಕರಗುವದರಿಂದ ರೋಮರಂಧ್ರದೊಳಗೆ ಇಳಿಯಬಲ್ಲದು. ಆದರೆ ಆಸ್ಪಿರಿನ್ ಒಗ್ಗದವರಿಗೂ ಗರ್ಭಿಣಿಯರಿಗೂ ಅದನ್ನು ಹಚ್ಚಲಾಗದು. ಒಣಮುಖಕ್ಕೆ ಲ್ಯಾಕ್ಟಿಕ್ ಆಮ್ಲವು ಒಳ್ಳೆಯದು, ಅದು ತೇವವನ್ನೂ ಹಿಡಿದಿಡುವದು. ಕಲೆಗಳಿದ್ದ, ಬೇಗನೆ ಕಪ್ಪಾಗುವ ತೊಗಲಿಗೆ ಮ್ಯಾಂಡೆಲಿಕ್ ಆಮ್ಲವು ಮಿಕ್ಕವುಗಳಿಗಿಂತ ನಿರಪಾಯವಾದದ್ದು. ಗ್ಲೈಕೋಲಿಕ್ ಆಮ್ಲವನ್ನು ಗಡಿಯಾರ ನೋಡಿಯೇ ಹಚ್ಚಬೇಕು. ಹೊತ್ತಿಗೆ ಸರಿಯಾಗಿ ಸೋಡಾದ್ರಾವಣದಿಂದ ಶಮನಗೊಳಿಸಿ ತೊಳೆಯದಿದ್ದರೆ ಅದು ಇಳಿಯುತ್ತಲೇ ಹೋಗುವದು. ಹೊಸ ಕೈಗೆ ಅದು ಬೇಡವೆಂದು ನಾವು ಪಟ್ಟಿಯಿಂದ ಹೊಡೆದುಹಾಕಿದೆವು.

ಆಮ್ಲವನ್ನು ತೊಳೆದ ಮೇಲೆ ಹಚ್ಚುವ ಸೀರಮ್ಮಿನ ಆಯ್ಕೆಯೂ ಇಷ್ಟೇ ಮಹತ್ವದ್ದು. ಆಗ ತೊಗಲಿನ ಬಾಗಿಲು ತೆರೆದಿರುತ್ತದೆ. ಏನು ಹಚ್ಚಿದರೂ ಎಂದಿಗಿಂತ ಹೆಚ್ಚು ಒಳಗೆ ಹೋಗುವದು. ಸಿ ಜೀವಸತ್ವದ ಸೀರಮ್ ಗುಣಕಾರಿಯೆಂದು ಅಂದೇ ಹಚ್ಚುವವರುಂಟು. ಅದರ ಶುದ್ಧರೂಪವು ಪಿ.ಎಚ್. 3.5ಕ್ಕಿಂತಲೂ ಕೆಳಗಿರುವ ಇನ್ನೊಂದು ಆಮ್ಲವೇ. ಉರಿಯ ಮೇಲೆ ಉರಿ. ರೆಟಿನಾಲ್ ಕೂಡ ಅಂದು ಸಲ್ಲದು. ತೇವವನ್ನು ಹಿಡಿಯುವ ಹಯಲುರಾನಿಕ್ ಆಮ್ಲ, ಉರಿಯನ್ನು ತಣಿಸುವ ಪ್ಯಾಂಥೆನಾಲ್, ಇವು ಸಾಕು. ಹಯಲುರಾನಿಕ್ ಹೆಸರಿನಲ್ಲಿ ಆಮ್ಲವಿದ್ದರೂ ಸುಲಿಯುವ ಗುಣ ಅದಕ್ಕಿಲ್ಲ. ತೊಗಲು ಶಾಂತವಾದ ಮೇಲೆ ಶೇಕಡಾ 2ರಿಂದ 5ರ ನಯಾಸಿನಮೈಡ್ ಸೀರಮ್ಮನ್ನು ದಿನವೂ ಹಚ್ಚಬಹುದು; ಅದು ಬಣ್ಣದ ಕಣಗಳು ಮೇಲಕ್ಕೆ ಸಾಗುವದನ್ನು ತಗ್ಗಿಸುವದು.

ಇಷ್ಟೆಲ್ಲ ಸರಿಯಿದ್ದರೂ ಶೀಶೆಯ ಮುಚ್ಚಳವನ್ನು ತೆಗೆಯುವ ಮೊದಲು ಕೇಳಬೇಕಾದ ಮಾತುಗಳಿವೆ. ಬಸುರಿಯೇ? ಮೊಡವೆಗೆ ಗುಳಿಗೆ ನುಂಗುತ್ತಿರುವಿರಾ? ತುಟಿಯಂಚಿನಲ್ಲಿ ನೀರ್ಗುಳ್ಳೆ ಏಳುವದುಂಟೇ? ಈ ವಾರದಲ್ಲಿ ಬ್ಲೀಚ್, ವ್ಯಾಕ್ಸ್ ಮಾಡಿಸಿರುವಿರಾ? ಎಲ್ಲಕ್ಕಿಂತ ಮುಖ್ಯವಾಗಿ, ಔಷಧದ ಅಂಗಡಿಯಿಂದ ಬಿಳುಪಿನ ಮುಲಾಮು ತಂದು ಹಚ್ಚುತ್ತಿರುವಿರಾ? ಇಂಥ ಮುಲಾಮುಗಳಲ್ಲಿ ಅನೇಕವು ಸ್ಟೀರಾಯಿಡ್ ಬೆರೆತವು. ಮೊದಲು ಮುಖವು ಬೆಳ್ಳಗಾದಂತೆ ಕಾಣುವದು. ಬಳಿಕ ತೊಗಲು ತೆಳ್ಳಗಾಗಿ, ಕೆಂಪುನರಗಳು ತೋರಿ, ಮೊಡವೆಯೆದ್ದು, ಬಿಟ್ಟರೆ ಉರಿ, ಹಚ್ಚಿದರೆ ಕೇಡು ಎಂಬ ಸ್ಥಿತಿಯು ಬರುವದು. 2018ರಲ್ಲಿ ಸರಕಾರವು ಇಂಥ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿದೆ. ಆದರೂ ಕೇಳಿದವರ ಕೈಗೆ ಅವು ಸಿಗುತ್ತಲೇ ಇವೆ. ನಮ್ಮ ಅಣ್ಣನ ಮಗಳೂ ನಾಲ್ಕು ತಿಂಗಳು ಇಂಥದನ್ನು ಹಚ್ಚಿದ್ದಳೆಂಬದು ನಮಗೆ ತಿಳಿದದ್ದು ಲಗ್ನದ ನಂತರ. ತೆಳ್ಳಗಾದ ಆ ತೊಗಲಿನ ಮೇಲೆಯೇ ನಾವು ಜೋರಾದ ಆಮ್ಲವನ್ನು ಹಚ್ಚಿಸಿದ್ದೆವು. ಇಂಥವರನ್ನು ಪಾರ್ಲರಿನಲ್ಲಿ ಮುಟ್ಟದೆ ಚರ್ಮವೈದ್ಯರ ಕಡೆಗೆ ಕಳಿಸಬೇಕು.

ಉಳಿದವರಿಗೂ ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ ಎರಡು ದಿನ ಕಾದು ನೋಡಬೇಕು. ಒಂದು ಉಪಚಾರಕ್ಕೂ ಇನ್ನೊಂದಕ್ಕೂ ಎರಡರಿಂದ ನಾಲ್ಕು ವಾರಗಳ ಬಿಡುವಿರಬೇಕು. ಆ ಬಳಿಕ ಬಿಸಿಲಿನ ಮಾತು. ಗಜೇಂದ್ರಗಡದಲ್ಲಿ ಮಗ್ಗದ ಮುಂದೆ ನೆರಳಿನಲ್ಲಿ ಕೂಡುವ ನೇಕಾರಗಿತ್ತಿಗೂ, ರೋಣ ನರಗುಂದಗಳ ಎರೆಹೊಲದಲ್ಲಿ ನೆರಳಿಗೊಂದು ಗಿಡವೂ ಇಲ್ಲದ ಕಡೆ ಕಳೆ ತೆಗೆಯುವವಳಿಗೂ ಒಂದೇ ಶೀಶೆಯನ್ನು ತೆರೆಯಲಾಗದು. ಸುಲಿದ ತೊಗಲಿಗೆ ಬಿಸಿಲು ಬಿದ್ದರೆ ಮಾಡಿದ್ದೆಲ್ಲ ವ್ಯರ್ಥ. ದಿನವೂ ಎಸ್.ಪಿ.ಎಫ್. 30ಕ್ಕೆ ಕಡಿಮೆಯಿಲ್ಲದ ಲೇಪವನ್ನು ಹಚ್ಚಿಕೊಂಡು, ಹೊರಗಿರುವಾಗ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿಕೊಳ್ಳಲು ಆಗುವದಿಲ್ಲವೆಂದವರಿಗೆ ಈ ಉಪಚಾರವೇ ಬೇಡ. ಲಗ್ನದ ಹುಡುಗಿಯರಿಗಂತೂ ಕೊನೆಯ ಉಪಚಾರವು ಅರಿಷಿಣದ ದಿನಕ್ಕಿಂತ ಮೂರು ವಾರಗಳಾದರೂ ಮೊದಲೇ ಮುಗಿದಿರಬೇಕು.

ಕೊನೆಗೆ ಆಕೆಯು ಕೊಂಡದ್ದು ಐದೇ ಶೀಶೆಗಳು: ಮ್ಯಾಂಡೆಲಿಕ್, ಲ್ಯಾಕ್ಟಿಕ್, ಸ್ಯಾಲಿಸಿಲಿಕ್, ಹಯಲುರಾನಿಕ್‌ಗೆ ಪ್ಯಾಂಥೆನಾಲ್ ಕೂಡಿಸಿದ್ದೊಂದು, ನಯಾಸಿನಮೈಡ್ ಒಂದು. ಪ್ರತಿಯೊಂದರ ಮೇಲೂ ತಯಾರಕರ ಹೆಸರು, ವಿಳಾಸ, ಪರವಾನಿಗೆಯ ಸಂಖ್ಯೆ, ತಂಡದ ಸಂಖ್ಯೆ, ದ್ರವ್ಯಗಳ ಪಟ್ಟಿ, ಅವಧಿಯ ದಿನಾಂಕಗಳಿರುವದನ್ನು ನಾವೇ ಕನ್ನಡಕ ಹಾಕಿಕೊಂಡು ನೋಡಿದೆವು. ಬೇಸಿಗೆಯ ಕಾವಿನಲ್ಲಿ ಕೆಡಬಾರದೆಂದು ಅವುಗಳನ್ನು ಮುಚ್ಚಿದ ತಂಪಾದ ಕಪಾಟಿನಲ್ಲಿ ಇಟ್ಟಿದ್ದಾಳೆ.

ಮೊನ್ನೆ ಚೈತ್ರದಲ್ಲಿ ಆಕೆಯಿಂದ ಫೋನು ಬಂದಿತು. ಹಳ್ಳಿಯಿಂದ ತಾಯಿಯೊಬ್ಬಳು ಮಗಳನ್ನು ಕರೆತಂದಿದ್ದಳು. ಲಗ್ನಕ್ಕೆ ಎಂಟೇ ದಿನ. ಜೋರಾದದ್ದನ್ನು ಹಚ್ಚೆಂದು ಹಟ. ಇವಳು ಆಗದೆಂದಳು. ಮುಖವನ್ನು ತೊಳೆದು ತಂಪಿನ ಸೀರಮ್ ಹಚ್ಚಿ ಕಳಿಸುವೆನೆಂದರೂ ಕೇಳದೆ ಆ ತಾಯಿಯು ಮಗಳನ್ನು ಎಬ್ಬಿಸಿಕೊಂಡು ಬೇರೆ ಕಡೆಗೆ ಹೋದಳು. "ಗಿರಾಕಿ ಹೋದಳು ಮಾವಾ, ಬಾಡಿಗೆಯ ದಿನ ಹತ್ತಿರ ಬಂತು" ಎಂದಳು. ನಾವು ಏನು ಹೇಳಬೇಕು? ಆ ತಾಯಿಯ ಮೇಲೆ ನಮಗೆ ಸಿಟ್ಟು ಬರಲಿಲ್ಲ. ಆಕೆಗೂ ಯಾರೋ ಬಣ್ಣದ ಮಾತನ್ನು ಆಡಿರಬೇಕು. ಅಂಥ ತಾಯಿತಂದೆಗಳು ಪಾರ್ಲರಿನ ಮೆಟ್ಟಿಲನ್ನು ಹತ್ತುವದಕ್ಕೆ ಮೊದಲು ಇದನ್ನು ಓದಿದರೆ ಒಳಿತೆಂದು ಬರೆಯಲು ಕುಳಿತೆವು.

ಬರೆದು ಮುಗಿಸಿದ ಮೇಲೆ ನರಗುಂದಕ್ಕೆ ಹೋಗಿ, ತವರಿಗೆ ಬಂದಿದ್ದ ಅಣ್ಣನ ಮಗಳಿಗೆ ಓದಿ ತೋರಿಸಿದೆವು. ಆಕೆಯು ಪೂರಾ ಕೇಳಿಕೊಂಡು, "ಕಾಕಾ, ಹೆಸರು ಬರೆಯಬೇಡಿರಿ, ಉಳಿದದ್ದೆಲ್ಲ ಇರಲಿ" ಎಂದಳು.