ಶಾಂತಸಾಗರದಲ್ಲಿ ಕಾಣೆಯಾದ ಸೋಮವಾರ

ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ನೆಲೆಸಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು, ಸೆಪ್ಟೆಂಬರಿನಲ್ಲಿ ಊರಿಗೆ ಮರಳುವ ಕಾಲ ಬಂದಾಗ, ಜಪಾನಿನವರೆಗೆ ವಿಮಾನವನ್ನು ಬಿಟ್ಟು ಹಡಗಿನಲ್ಲಿ ಹೋಗುವುದೆಂದು ನಾವು ನಿಶ್ಚಯಿಸಿದೆವು. ದಡ ಕಾಣದ ಕಡಲಿನ ಮೇಲೆ ಸೂರ್ಯೋದಯವನ್ನು ನೋಡಬೇಕೆಂಬುದು ನಮ್ಮ ಧರ್ಮಪತ್ನಿಯವರ ಬಹುದಿನದ ಆಸೆಯಾಗಿತ್ತು. ಅವರು ಲಿಂಗೈಕ್ಯರಾಗಿ ಎರಡು ವರ್ಷ ತುಂಬುವುದರಲ್ಲಿತ್ತು. ಜೊತೆಗೂಡಿ ಮಾಡಬೇಕಾಗಿದ್ದ ಪ್ರವಾಸವನ್ನು ನಾವೊಬ್ಬರೇ ಮಾಡಬೇಕಾಯಿತು.

ಇಂತಹ ಹಡಗುಗಳಲ್ಲಿ ಕೋಣೆಯ ದರವನ್ನು ಇಬ್ಬರ ಲೆಕ್ಕದಲ್ಲಿ ಗೊತ್ತುಮಾಡಿರುತ್ತಾರೆ. ಒಬ್ಬರೇ ಹೋಗುವವರು ಬಹುಮಟ್ಟಿಗೆ ಇಬ್ಬರ ಹಣವನ್ನೇ ತೆರಬೇಕಾಗುತ್ತದೆ. ನಾವೂ ತೆತ್ತೆವು. ಕೋಣೆಯಲ್ಲಿ ಹಾಸಿಗೆಗಳು ಎರಡಿದ್ದವು. ಒಂದರ ಹೊದಿಕೆಯ ಮಡಿಕೆ ಕೊನೆಯವರೆಗೂ ಹಾಗೆಯೇ ಉಳಿಯಿತು.

ಹಡಗಿನ ಕೋಣೆಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಊದುಬತ್ತಿಗೂ ದೀಪಕ್ಕೂ ಅವಕಾಶವಿಲ್ಲ. ಪತ್ರೆಯಿಲ್ಲ, ಪುಷ್ಪವಿಲ್ಲ. ಆದರೆ ವಿಭೂತಿ ಜೊತೆಗಿತ್ತು, ಒಂದು ಲೋಟ ನೀರಿತ್ತು, ಅಂಗೈಯಲ್ಲಿ ಇಷ್ಟಲಿಂಗವಿತ್ತು. ಗುಡಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲದ ಪೂಜೆಯನ್ನು ಶರಣರು ನಮಗೆ ಕೊಟ್ಟಿರುವುದು ಎಂತಹ ಉಪಕಾರವೆಂಬುದು ಆ ನೀರಿನ ನಡುವೆ ಅರಿವಾಯಿತು. ಪೂಜೆ ಮುಗಿಸಿ ಮೇಲಟ್ಟಕ್ಕೆ ಹೋದರೆ ಸುತ್ತಲೂ ಕಡಲು, ಅದರ ಅಂಚಿನಲ್ಲಿ ಸೂರ್ಯ.

ವ್ಯಾಂಕೂವರಿನಿಂದ ಯೊಕೊಹಾಮಾಕ್ಕೆ ಸಮುದ್ರಮಾರ್ಗವಾಗಿ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಪಶ್ಚಿಮಕ್ಕೆ ಸಾಗಿದಂತೆ ಗಡಿಯಾರವನ್ನು ಆಗಾಗ ರಾತ್ರಿ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹೀಗೆ ಒಟ್ಟು ಎಂಟು ಗಂಟೆಗಳು ನಮಗೆ ಹೆಚ್ಚಾಗಿ ದೊರೆಯುತ್ತವೆ. ಆದರೆ ಸಾಗರದ ಮಧ್ಯದಲ್ಲಿ 180 ಡಿಗ್ರಿ ರೇಖಾಂಶವನ್ನು ಬಹುಮಟ್ಟಿಗೆ ಅನುಸರಿಸಿ ಅಂತರರಾಷ್ಟ್ರೀಯ ದಿನಾಂಕ ರೇಖೆ ಇದೆ. ಅದನ್ನು ಪಶ್ಚಿಮಾಭಿಮುಖವಾಗಿ ದಾಟುವವರು ಪಂಚಾಂಗದಿಂದ ಒಂದು ಇಡೀ ದಿನವನ್ನು ತೆಗೆದುಹಾಕಬೇಕು. ಇಪ್ಪತ್ತನಾಲ್ಕರಲ್ಲಿ ಎಂಟನ್ನು ಕಳೆದರೆ ಹದಿನಾರು. ವ್ಯಾಂಕೂವರಿಗೂ ಜಪಾನಿಗೂ ಆ ಋತುವಿನಲ್ಲಿ ಇರುವ ಅಂತರ ಅಷ್ಟೇ ಗಂಟೆ. 1893ರ ಜುಲೈನಲ್ಲಿ ಸ್ವಾಮಿ ವಿವೇಕಾನಂದರು ಯೊಕೊಹಾಮಾದಿಂದ 'ಎಂಪ್ರೆಸ್ ಆಫ್ ಇಂಡಿಯಾ' ಹಡಗನ್ನೇರಿ ವ್ಯಾಂಕೂವರಿಗೆ ಹೋದರು. ಆ ದಿಕ್ಕಿನಲ್ಲಿ ಹೋಗುವವರಿಗೆ ಒಂದೇ ದಿನ ಎರಡು ಬಾರಿ ಬರುತ್ತದೆ. ನಮಗೆ ಒಂದು ದಿನ ಬರಲೇ ಇಲ್ಲ.

ಬಾರದೆ ಹೋದ ಆ ದಿನ ಸೋಮವಾರ. ನಮ್ಮ ಮನೆಯವರ ಎರಡನೆಯ ವರ್ಷದ ಪುಣ್ಯಸ್ಮರಣೆಯ ದಿನವೂ ಅದೇ ಆಗಿತ್ತು. ಭಾನುವಾರ ಮಲಗಿದವರು ಮಂಗಳವಾರ ಏಳುವಿರೆಂದು ಹಡಗಿನವರು ಮುದ್ರಿಸಿ ಹಂಚಿದ ಹಾಳೆಯನ್ನು ಓದಿದಾಗ ನಮ್ಮ ಕೈ ನಡುಗಿತು. ತಿಥಿ ವಾರಗಳಲ್ಲಿ ಒಳಿತು ಕೆಡುಕುಗಳನ್ನು ಎಣಿಸಬಾರದೆಂಬ ಶರಣರ ಮಾತನ್ನು ಎಷ್ಟೋ ಸಭೆಗಳಲ್ಲಿ ನಾವೇ ಹೇಳಿದ್ದುಂಟು. ಆದರೂ ಆ ರಾತ್ರಿ ಮನಸ್ಸು ಒಪ್ಪಲಿಲ್ಲ. ಬಹಳ ಹೊತ್ತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆವು. ಮಂಗಳವಾರ ಬೆಳಗಾದಾಗ, ಮಾಡಬೇಕಾದದ್ದನ್ನು ಮಾಡದೆ ಬಿಟ್ಟವರ ಅಳುಕು ಇದ್ದೇ ಇತ್ತು.

ಊಟದ ಮೇಜಿನಲ್ಲಿ ಒಬ್ಬೊಬ್ಬರೇ ಬಂದವರನ್ನು ಒಟ್ಟಿಗೆ ಕೂರಿಸುತ್ತಿದ್ದರು. ನಮ್ಮ ಪಕ್ಕದಲ್ಲಿ ಯೊಕೊಹಾಮಾದ ವಯೋವೃದ್ಧ ತಾಯಿಯೊಬ್ಬರು ಕುಳಿತುಕೊಳ್ಳುತ್ತಿದ್ದರು. ಉಣ್ಣುವ ಮೊದಲು ಕೈ ಜೋಡಿಸಿ 'ಇತಾದಾಕಿಮಾಸು' ಎನ್ನುವರು. ವಿನಯದಿಂದ ಸ್ವೀಕರಿಸುತ್ತೇನೆ ಎಂದು ಅದರ ಭಾವ. ಪ್ರಸಾದವೆಂದು ಉಣ್ಣುವ ನಮಗೆ ಅದು ಹೊಸದೆನಿಸಲಿಲ್ಲ. ನಮ್ಮ ಅಳಲನ್ನು ಕೇಳಿದ ಆ ತಾಯಿ ಸಮಾಧಾನದ ಮಾತನ್ನೇನೂ ಹೇಳಲಿಲ್ಲ. "ನಮ್ಮೂರಿನ ಯಮಶಿತಾ ಉದ್ಯಾನದಲ್ಲಿ ನಿಮ್ಮ ದೇಶದವರು ಕಟ್ಟಿಸಿದ ಮಂಟಪವೊಂದಿದೆ. ಅದನ್ನು ನೋಡಿಯೇ ಹೋಗಿರಿ" ಎಂದರು.

ಯೊಕೊಹಾಮಾದಲ್ಲಿ ಐದು ದಿನ ಇದ್ದೆವು. 1859ರಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆದ ಬಂದರು ಇದು. ರೇಷ್ಮೆಯೇ ಇಲ್ಲಿಂದ ಹೊರಡುತ್ತಿದ್ದ ಮುಖ್ಯ ಸರಕು. ಶಾಕಾಹಾರಿಗಳಿಗೆ ಒಂದು ಎಚ್ಚರಿಕೆಯ ಮಾತು: ಜಪಾನಿನಲ್ಲಿ ತರಕಾರಿಯ ಅಡಿಗೆಗೂ 'ದಾಶಿ' ಎಂಬ ಮೀನಿನ ಸಾರನ್ನು ಬೆರೆಸುವುದುಂಟು. ಮಾಂಸ, ಮೀನು, ಮೀನಿನ ಸಾರು ಯಾವುದೂ ಬೇಡವೆಂದು ಜಪಾನಿ ಭಾಷೆಯಲ್ಲಿ ಬರೆಸಿದ ಚೀಟಿಯೊಂದು ನಮ್ಮನ್ನು ಕಾಪಾಡಿತು.

ನಗರದ ತ್ಸುರುಮಿ ಭಾಗದಲ್ಲಿರುವ ಸೋಜಿಜಿ, ಜೆನ್ ಬೌದ್ಧರ ಸೋತೋ ಪಂಥದ ಪ್ರಧಾನ ಮಠ. 1911ರಲ್ಲಿ ನೊತೊ ಪ್ರದೇಶದಿಂದ ಇಲ್ಲಿಗೆ ಬಂದದ್ದು. ಅಲ್ಲಿಯ ಉದ್ದನೆಯ ಮೊಗಸಾಲೆಯನ್ನು ಸಾಧಕರು ನಿತ್ಯವೂ ಬಟ್ಟೆ ಹಿಡಿದು ಒರೆಸುತ್ತಾರೆ. ಅವರಿಗೆ ಅದೂ ಸಾಧನೆಯೇ. ಕಾಯಕವೆಂಬ ಮಾತನ್ನು ಅರಿಯದವರಲ್ಲಿಯೂ ಕಾಯಕವನ್ನು ಕಂಡು ಸಂತೋಷವಾಯಿತು.

ಕೊನೆಯ ದಿನ ಯಮಶಿತಾ ಉದ್ಯಾನಕ್ಕೆ ಹೋದೆವು. 1923ರ ಸೆಪ್ಟೆಂಬರ್ 1ರಂದು ನಡುಹಗಲಿಗೆ ಎರಡು ನಿಮಿಷ ಮುಂಚೆ ಸಂಭವಿಸಿದ ಮಹಾಭೂಕಂಪದಲ್ಲಿ ಯೊಕೊಹಾಮಾ ಬಹುತೇಕ ನೆಲಸಮವಾಯಿತು. ಟೋಕಿಯೋ ಮತ್ತು ಸುತ್ತಲಿನ ಪ್ರದೇಶ ಸೇರಿ ಲಕ್ಷಕ್ಕೂ ಹೆಚ್ಚು ಜನ ಅಸುನೀಗಿದರು. ಆ ಅವಶೇಷಗಳನ್ನೇ ಕಡಲಿಗೆ ತುಂಬಿ ನಿರ್ಮಿಸಿದ ಉದ್ಯಾನವನ್ನು 1930ರಲ್ಲಿ ತೆರೆದರು. ಅಂದು ಇಲ್ಲಿದ್ದ ಭಾರತೀಯ ವರ್ತಕರಲ್ಲಿಯೂ ಕೆಲವರು ಮಡಿದರು. ಬದುಕಿ ಉಳಿದವರಿಗೆ ನಗರದವರು ಆಸರೆಯಾದರು. ಆ ಉಪಕಾರದ ನೆನಪಿಗಾಗಿ ಮತ್ತು ಮಡಿದ ತಮ್ಮವರ ಸ್ಮರಣೆಗಾಗಿ ಭಾರತೀಯರು ಕಟ್ಟಿಸಿಕೊಟ್ಟದ್ದೇ ಆ ತಾಯಿ ಹೇಳಿದ 'ಇಂಡಿಯನ್ ವಾಟರ್ ಫೌಂಟನ್'. ಮೇಲೆ ಗುಮ್ಮಟ, ಅದರ ಒಳಮೈಯಲ್ಲಿ ಬಣ್ಣಬಣ್ಣದ ಹರಳುಗಳ ಕೆಲಸ.

ಅದನ್ನು ಕಟ್ಟಿದ ವರ್ಷ 1939. ಉಪಕಾರ ಪಡೆದು ಹದಿನಾರು ವರ್ಷಗಳ ಮೇಲೆ! ಅಲ್ಲಿ ನಿಂತು ಆ ಲೆಕ್ಕವನ್ನು ಮಾಡಿದಾಗ ನಮ್ಮ ಎದೆಯ ಭಾರ ಇಳಿಯಿತು. ಅವರು ದಿನ ತಪ್ಪಿತೆಂದು ಸುಮ್ಮನಾಗಲಿಲ್ಲ. ಕೃತಜ್ಞತೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು ಕೂರಲೂ ಇಲ್ಲ. ದಾರಿಹೋಕರ ಎದುರು ನೀರಾಗಿ ನಿಲ್ಲಿಸಿದರು. ಸ್ಮರಣೆಗೆ ಬೇಕಾದದ್ದು ತಾರೀಖಲ್ಲ, ದಾಸೋಹ. ಸಭೆಗಳಲ್ಲಿ ನಾವು ಆಡುತ್ತಿದ್ದ ಮಾತು ನಮ್ಮದೇ ಆದದ್ದು ಅಂದು.

ಊರಿಗೆ ಬಂದ ಮೇಲೆ ಬಸ್ ನಿಲ್ದಾಣದ ಬಳಿ ಅವರ ಹೆಸರಿನಲ್ಲಿ ಒಂದು ಅರವಟ್ಟಿಗೆಯನ್ನು ಮಾಡಿಸಿದೆವು. ಕಲ್ಲಿನ ಮೇಲೆ ಯಾವ ದಿನವನ್ನು ಕೆತ್ತಬೇಕೆಂದು ಕಲ್ಲುಕುಟಿಗರು ಕೇಳಿದರು. ಹೆಸರೊಂದೇ ಸಾಕು ಎಂದೆವು.