ಹೆದ್ದಾರಿ ಬಿಟ್ಟು ಸಗರನಾಡಿಗೆ

ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಸೈಕಲ್ ಮೇಲೆ ಹೋಗುತ್ತೇನೆ ಎಂದರೆ ಸಾಕು, ಕೇಳಿದವರೆಲ್ಲ ಮೊದಲು ಕೇಳುವುದು ‘ಎಷ್ಟು ದಿನ?’ ಅಂತ. ಎಲ್ಲಿ ಉಣ್ಣುತ್ತೀರಿ, ಯಾವ ನದಿ ದಾಟುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಶ್ರೀನಗರದಿಂದ ಕನ್ಯಾಕುಮಾರಿಯವರೆಗಿನ 44ನೇ ರಾಷ್ಟ್ರೀಯ ಹೆದ್ದಾರಿ ಸುಮಾರು 3,700 ಕಿಲೋಮೀಟರ್ ಉದ್ದದ್ದು. ಹೆಚ್ಚಿನ ಸೈಕಲ್ ಸವಾರರು ಅದನ್ನೇ ಹಿಡಿಯುತ್ತಾರೆ. ಗೊಂದಲವಿಲ್ಲ, ಊಟ-ವಸತಿಗೆ ತೊಂದರೆಯಿಲ್ಲ, ದಾಖಲೆಯೂ ಬೇಗ ಆಗುತ್ತದೆ. ಆದರೆ ಆ ರಸ್ತೆಯ ಮೇಲೆ ದೇಶದ ಉದ್ದಕ್ಕೂ ಹೋಗಿ ಬಂದವರ ಫೋಟೋ ನೋಡಿದರೆ ಮೇಲ್ಸೇತುವೆ, ಟೋಲ್ ಗೇಟು, ಢಾಬಾ, ಮತ್ತೆ ಮೇಲ್ಸೇತುವೆ. ಅಷ್ಟು ಕಾಲು ಸವೆಸಿ ಕಂಡದ್ದು ಅಷ್ಟೇನಾ ಎಂದು ನನಗೆ ಬೇಸರವಾಗುತ್ತದೆ.

ಹಾಗಾಗಿ ಭೂಪಟ ಹರವಿಕೊಂಡು ಬೇರೆ ದಾರಿ ಹುಡುಕಿದೆ. ದಿಂಬಂ ಘಾಟಿ ಹತ್ತಿ ಚಾಮರಾಜನಗರಕ್ಕೆ ಬಂದರೆ ಅಲ್ಲಿಂದ 150ಎ ಹೆದ್ದಾರಿ ಸಿಗುತ್ತದೆ. ಹಿರಿಯೂರು, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಲಿಂಗಸುಗೂರುಗಳನ್ನು ಮುಟ್ಟಿ, ಕೃಷ್ಣೆಯನ್ನು ದಾಟಿ, ಸುರಪುರ, ಶಹಾಪುರದ ಮೇಲೆ ಅದು ಜೇವರ್ಗಿಯವರೆಗೆ ಹೋಗುತ್ತದೆ. ಜೇವರ್ಗಿಯಲ್ಲಿ 50ನೇ ಹೆದ್ದಾರಿ ಹಿಡಿದರೆ ಕಲಬುರಗಿ, ಬೀದರ್, ನಾಂದೇಡ್. ನಾಂದೇಡಿನಿಂದ ಯವತ್ಮಾಳ, ವರ್ಧಾ ದಾಟಿ ನಾಗಪುರ. 44 ನನಗೆ ಸಿಗುವುದು ಅಲ್ಲಿಂದ ಮುಂದೆ. ಕರ್ನಾಟಕವನ್ನು ದಕ್ಷಿಣದ ತುದಿಯಿಂದ ಉತ್ತರದ ತುದಿಯವರೆಗೆ ಕಾಣುವ ದಾರಿಯಿದು.

ಇದನ್ನು ತೋರಿಸಿದಾಗ ಗೆಳೆಯರೊಬ್ಬರು ನಕ್ಕರು. ‘ಯಾದಗಿರಿ ಕಡೆ ಏನಿದೆ ಮಾರಾಯ? ಬಿಸಿಲು ಬಿಟ್ಟರೆ ಏನೂ ಇಲ್ಲ.’ ಆ ಮಾತು ನನ್ನನ್ನು ಚುಚ್ಚಿತು. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದ, ಸಗರನಾಡು ಎಂದೂ ಕರೆಸಿಕೊಳ್ಳುವ ಈ ನೆಲದ ಬಗ್ಗೆ ಬೆಂಗಳೂರಿನಲ್ಲಿ ಕೂತ ನಮಗೆ ಗೊತ್ತಿರುವುದು ಎರಡೇ: ಬೇಸಿಗೆಯ ಉಷ್ಣಾಂಶ ಮತ್ತು ಹಿಂದುಳಿದ ತಾಲ್ಲೂಕುಗಳ ಪಟ್ಟಿ. ಯೋಜನೆಯ ಕಾಗದದಲ್ಲಿ ನನಗೆ ತೀರ ಖಾಲಿಯಾಗಿ ಕಂಡ ಭಾಗವೂ ಇದೇ. ಈ ಭಾಗವನ್ನು ಮೊದಲೇ ಒಮ್ಮೆ ನೋಡಿಕೊಂಡು ಬರೋಣವೆಂದು ಡಿಸೆಂಬರಿನಲ್ಲಿ ಸೈಕಲ್ಲನ್ನು ರೈಲಿನ ಬ್ರೇಕ್ ವ್ಯಾನಿಗೆ ಹಾಕಿಸಿ ಯಾದಗಿರಿಯಲ್ಲಿ ಇಳಿದೆ.

ಬೆಳಗಿನ ಪ್ಲಾಟ್‌ಫಾರ್ಮಿನಲ್ಲಿ ಗುಳೆ ಹೊರಟವರು ಗುಂಪುಗುಂಪಾಗಿ ಕೂತಿದ್ದರು. ಹಾಸಿಗೆಯ ಗಂಟು, ಪಾತ್ರೆ ತುಂಬಿದ ಪ್ಲಾಸ್ಟಿಕ್ ಕೊಡ, ಚೀಲದಲ್ಲಿ ಜೋಳದ ಹಿಟ್ಟು, ಮಡಿಲಲ್ಲಿ ಮಗು. ಬೆಂಗಳೂರಿನ ಕಟ್ಟಡಗಳನ್ನು ಎಬ್ಬಿಸುವ ಕೈಗಳು ಇವು. ಒಬ್ಬಾಕೆ ನನ್ನ ಸೈಕಲ್ ನೋಡಿ, ‘ಯಣ್ಣಾ, ನೀವು ಬೆಂಗಳೂರಿಂದ ಇಲ್ಲಿಗಿ ಬಂದೀರಿ, ನಾವು ಇಲ್ಲಿಂದ ಬೆಂಗಳೂರಿಗಿ ಹೊಂಟೀವಿ’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ದೂರ ಹೋಗುವುದನ್ನು ಆಸೆಯಿಂದ ಆರಿಸಿಕೊಳ್ಳುವ ಸ್ಥಿತಿ ನನ್ನದು. ಅವಳಿಗೆ ಆ ಆಯ್ಕೆಯೇ ಇಲ್ಲ. ಈ ಪ್ರವಾಸದಲ್ಲಿ ಸಾಹಸ ಎಂಬ ಪದವನ್ನು ನಾನು ಬಳಸಬಾರದೆಂದು ಅಲ್ಲೇ ತೀರ್ಮಾನಿಸಿದೆ.

ಕೋಟೆಯಿರುವ ಗುಡ್ಡವನ್ನು ಬೆನ್ನಿಗೆ ಹಾಕಿಕೊಂಡು ಊರು ಬಿಟ್ಟರೆ ಭೀಮಾ ನದಿಯ ಸೇತುವೆ. ಅದರಾಚೆ ಎರೆಭೂಮಿ ಹರಡಿಕೊಳ್ಳುತ್ತದೆ: ಹೂವು ಕಾಯಿಗೆ ತಿರುಗುತ್ತಿದ್ದ ತೊಗರಿ, ಬಾಯಿಬಿಟ್ಟ ಹತ್ತಿ, ಹತ್ತಿ ಬಿಡಿಸುವ ಹೆಂಗಸರ ಸಾಲು. ಚಳಿಗಾಲದ ಮೂಡಗಾಳಿ ಪಡುವಣಕ್ಕೆ ಹೊರಟ ನನ್ನನ್ನು ಹಿಂದಿನಿಂದ ತಳ್ಳುತ್ತಿತ್ತು. ಇದು ಯೋಜನೆಗೆ ಮುಖ್ಯವಾದ ಸಂಗತಿ. ನಿಜವಾದ ಪ್ರಯಾಣದಲ್ಲಿ ನಾನು ಉತ್ತರಕ್ಕೆ ಹೋಗುವವನು, ಇದೇ ಗಾಳಿ ಆಗ ಬಲಗೆನ್ನೆಗೆ ಬಡಿಯುತ್ತದೆ. ಹಾಗಾಗಿ ಲಿಂಗಸುಗೂರಿನಿಂದ ಮೇಲಿನ ದಿನಗಳನ್ನು ಗಿಡ್ಡ ಮಾಡಿಕೊಳ್ಳಬೇಕು, ಹೊತ್ತು ಏರುವ ಮೊದಲೇ ಅರ್ಧ ದಾರಿ ಮುಗಿಸಬೇಕು. ದೋರನಹಳ್ಳಿಯಲ್ಲಿ ಮಿರ್ಚಿಭಜಿ, ಸುಸಲಾ ತಿಂದೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಗುರುತು ಹಾಕಿಕೊಂಡೆ. ಇಲ್ಲಿ ಬೋರ್‌ವೆಲ್ ನೀರನ್ನು ಕಣ್ಣುಮುಚ್ಚಿ ಕುಡಿಯುವ ಹಾಗಿಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಕಂಡುಬಂದದ್ದು ದೊಡ್ಡ ಸುದ್ದಿಯಾಗಿತ್ತು. ಕೆಲವು ಹಳ್ಳಿಗಳಲ್ಲಿ ಘಟಕ ಇತ್ತು, ಬಾಗಿಲಿಗೆ ಬೀಗವೂ ಇತ್ತು. ದಾರಿಹೋಕನಿಗೆ ಅದು ಒಂದು ತಾಸಿನ ದಾಹ, ಊರಿನವರಿಗೆ ವರ್ಷಪೂರ್ತಿಯ ಪಾಡು.

ಶಹಾಪುರ ಹತ್ತಿರವಾಗುತ್ತಿದ್ದಂತೆ ಹಿಂದಿನ ಚಕ್ರ ಮೆತ್ತಗಾಯಿತು. ಬಳ್ಳಾರಿ ಜಾಲಿಯ ಮುಳ್ಳು. ನನ್ನ ಹತ್ತಿರ ಸಾಮಾನು ಇತ್ತು, ಹಾಕಿಕೊಳ್ಳಲೂ ಬರುತ್ತದೆ. ಆದರೂ ಸೈಕಲ್ ನೂಕಿಕೊಂಡು ಊರೊಳಗೆ ಹೋದೆ. ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಇಂಥ ಗಾಡಿ ರಿಪೇರಿಯಾಗುತ್ತದೆಯೇ ಎಂದು ತಿಳಿಯುವುದೂ ನಾನು ಬಂದ ಕೆಲಸವೇ.

ಅಂಗಡಿ ಎಂದರೆ ತಗಡಿನ ಮಾಡು, ನೀರು ತುಂಬಿದ ಕಬ್ಬಿಣದ ಬೋಗುಣಿ, ಮೊಳೆಗೆ ನೇತುಹಾಕಿದ ಟೈರುಗಳು. ಬಂದವರೆಲ್ಲ ಅಂಗಡಿಯ ಹಿರಿಯರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನ ಸೈಕಲ್ಲನ್ನು ಸುತ್ತಿ ನೋಡಿ, ವಾಲ್ವಿನ ತುದಿಯನ್ನು ಹೆಬ್ಬೆರಳಿಂದ ಮುಟ್ಟಿದರು.

‘ಈ ನಳಿ ಭಾಳ ಸಣ್ಣದದ್ರಿ ಸರ. ನಮ್ಮ ಪಂಪಿಗಿ ಹತ್ತಂಗಿಲ್ಲ.’

‘ನನ್ನ ಹತ್ರ ಪಂಪಿದೆ ಚಾಚಾ.’

‘ಇರ್ಲಿ. ಅದು ಕೆಟ್ಟ ದಿನ ಏನ್ ಮಾಡ್ತೀರಿ?’

ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಗೇಣು ಗೇಣಾಗಿ ಸರಿಸಿದರು. ಗುಳ್ಳೆ ಎದ್ದ ಕಡೆ ಬೆರಳಿಟ್ಟು, ಒರೆಸಿ, ಗೀಸಿ, ಸೊಲ್ಯೂಷನ್ ಹಚ್ಚಿ ಅದನ್ನು ಒಣಗಲು ಬಿಟ್ಟರು. ಆಮೇಲೆ ಮಾಡಿದ್ದನ್ನು ನಾನು ಮರೆಯಲಾರೆ. ಟೈರಿನ ಒಳಮೈಯಲ್ಲಿ ಕಣ್ಣುಮುಚ್ಚಿ ಬೆರಳಾಡಿಸುತ್ತ ಹೋದರು, ಒಂದು ಕಡೆ ನಿಲ್ಲಿಸಿ ಇಕ್ಕಳದಿಂದ ಎಳ್ಳುಕಾಳಿಗಿಂತ ಸಣ್ಣ ಮುಳ್ಳಿನ ಮೊನೆ ಎಳೆದು ನನ್ನ ಅಂಗೈಗೆ ಹಾಕಿದರು. ಮತ್ತೆ ಬೆರಳಾಡಿಸಿದರು, ಇನ್ನೊಂದು ಸಿಕ್ಕಿತು. ‘ಟ್ಯೂಬ್ ಹಚ್ಚೂದು ಎಲ್ಲಾರಿಗೂ ಬರ್ತದ. ಮುಳ್ಳು ಒಳಗ ಬಿಟ್ರ ಮುಂದಿನ ಊರಿಗಿ ಮತ್ತ ನಿಲ್ತೀರಿ.’

ಒಂದು ಕಾಲದಲ್ಲಿ ಅವರ ಅಂಗಡಿಯಲ್ಲಿ ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲುಗಳಿದ್ದವಂತೆ. ಮೋಟಾರ್ ಸೈಕಲ್ ಬಂದು ಬಾಡಿಗೆ ನಿಂತಿತು. 2006-07ರಲ್ಲಿ ಸರ್ಕಾರ ಪ್ರೌಢಶಾಲೆಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ ಅಂಗಡಿಗೆ ಮತ್ತೆ ಜೀವ ಬಂತು. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳು ಶಾಲೆ ಬಿಟ್ಟ ಮೇಲೆ ಇಲ್ಲೇ ಗಾಳಿ ಹಾಕಿಸಿಕೊಂಡು ಹೋಗುತ್ತಿದ್ದರಂತೆ. ‘ಆ ಹುಡುಗ್ಯಾರು ಬರ್ತಿದ್ರ ಅಂಗಡಿ ತುಂಬಿರ್ತಿತ್ತು’ ಎಂದರು. ಆ ಯೋಜನೆ ನಿಂತದ್ದು ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯ. ಐದಾರು ಕಿಲೋಮೀಟರ್ ನಡೆದು ಶಾಲೆಗೆ ಹೋಗುವ ಹುಡುಗಿಗೆ ಸೈಕಲ್ ಇದ್ದರೆ ಓದು ಮುಂದುವರಿಯುತ್ತದೆ, ಇಲ್ಲದಿದ್ದರೆ ಮನೆಯವರು ಬಿಡಿಸುತ್ತಾರೆ. ದೇಶದಲ್ಲಿ ಸೈಕಲ್ಲಿಗೆ ಇದಕ್ಕಿಂತ ದೊಡ್ಡ ಕೆಲಸ ಏನಿದೆ?

ಆಮೇಲೆ ಚಾಚಾ ನನ್ನ ಯೋಜನೆಯನ್ನು ಪೂರ್ತಿ ಕೇಳಿಸಿಕೊಂಡರು. ನಾಂದೇಡಿನ ಹೆಸರು ಬಂದಾಗ ತಲೆಯಾಡಿಸಿದರು. ಕೊನೆಗೆ ಹೇಳಿದ್ದು ಇಷ್ಟು: ಹಳೆಯ ದೊಡ್ಡ ಗಾಡಿಯ 28 ಇಂಚಿನ ಟ್ಯೂಬು, ಹುಡುಗರ ರೇಂಜರಿನ 26 ಇಂಚಿನ ಟ್ಯೂಬು ಯಾವ ಊರಿನಲ್ಲಾದರೂ ಸಿಗುತ್ತವೆ, ನನ್ನ ಗಾಡಿಯ ತೆಳು ಚಕ್ರದ್ದು ಸಿಗುವುದಿಲ್ಲ. ಹಿಂದಿನ ಚಕ್ರದ ಕಡ್ಡಿ 36ಕ್ಕಿಂತ ಕಡಿಮೆ ಇರಬಾರದು, ಸಾಮಾನಿನ ಭಾರಕ್ಕೆ ಮುರಿಯುತ್ತವೆ. ‘ಗಾಡಿ ಹೌರ ಇದ್ರ ಒಂದ್ ದಿನ ಉಳಿತದ್ರಿ. ಸಾಮಾನು ಸಿಗಲಿಲ್ಲಂದ್ರ ನಾಲ್ಕ್ ದಿನ ಹೋಗ್ತದ.’ ಬೆಂಗಳೂರಿನ ದುಬಾರಿ ಅಂಗಡಿಗಳಲ್ಲಿ ತಾಸುಗಟ್ಟಲೆ ನಿಂತರೂ ನನಗೆ ಯಾರೂ ಈ ಮಾತು ಹೇಳಿರಲಿಲ್ಲ. ಅಲ್ಲಿ ಮಾತೆಲ್ಲ ಗ್ರಾಮುಗಳ ಲೆಕ್ಕ. ಇಲ್ಲಿ ಪಂಚರಿಗೆ ಇಪ್ಪತ್ತು ರೂಪಾಯಿ ತೆಗೆದುಕೊಂಡರು, ಚಹಾದ ದುಡ್ಡನ್ನು ನನಗೆ ಕೊಡಗೊಡಲಿಲ್ಲ.

1923ರಲ್ಲಿ ಮುಂಬಯಿಯ ಪಾರ್ಸಿ ತರುಣರು ಆರು ಮಂದಿ ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ ಈ ಮೂವರು ಪೂರ್ತಿ ಮುಗಿಸಿ 1928ರಲ್ಲಿ ಮರಳಿದರು. ಅವರ ಕಾಲದಲ್ಲಿ ಬೆರಳ ತುದಿಯಲ್ಲಿ ನಕ್ಷೆಯಿರಲಿಲ್ಲ. ಮುಂದಿನ ಊರಿನ ಸುದ್ದಿಯನ್ನು ಹಿಂದಿನ ಊರಿನವರಿಂದಲೇ ಕೇಳಿ ತಿಳಿಯಬೇಕಿತ್ತು. ಶಹಾಪುರದ ಆ ತಗಡಿನ ಮಾಡಿನ ಕೆಳಗೆ ನಾನು ಮಾಡಿದ್ದೂ ಅದನ್ನೇ.

ಶಹಾಪುರದ ಗುಡ್ಡಗಳ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲ ತಾನೇ ಜೋಡಿಸಿಕೊಂಡಂತಿದೆ. ಪ್ರವಾಸಿಗರು ಕಾರು ನಿಲ್ಲಿಸಿ ಬಾಗಿಲೂ ತೆಗೆಯದೆ ಫೋಟೋ ಹೊಡೆದು ಹೋಗುತ್ತಿದ್ದರು. ಇಲ್ಲಿಂದ ಬಹಳ ದೂರವಲ್ಲದ ಭೀಮಾ ತೀರದ ಸನ್ನತಿ, ಕನಗನಹಳ್ಳಿಗಳಲ್ಲಿ ಅಶೋಕನ ಶಾಸನ, ಸ್ತೂಪ, ರಾಯ ಅಶೋಕ ಎಂದು ಹೆಸರು ಕೊರೆದ ಶಿಲ್ಪ ಸಿಕ್ಕಿವೆ. ಅವುಗಳನ್ನು ನೋಡಲು ಕಾರು ತಿರುಗಿಸುವವರು ಕಡಿಮೆ.

ವಿಭೂತಿಹಳ್ಳಿಯ ಕಲ್ಲುಗಳ ಹತ್ತಿರ ನಾನು ಮಧ್ಯಾಹ್ನ ಕಳೆದೆ. ಬಯಲಿನಲ್ಲಿ ದೊಡ್ಡ ಗುಂಡುಗಳನ್ನು ಉರುಳಿಸಿ ತಂದು ಸಾಲು ಹಿಡಿದು ಇಟ್ಟಿದ್ದಾರೆ. ನೇರ ನೋಡಿದರೆ ಚದುರಿದಂತೆ, ಓರೆಯಾಗಿ ನೋಡಿದರೆ ಗೆರೆ ಎಳೆದಂತೆ. ಬೃಹತ್ ಶಿಲಾಯುಗದವರ ಕೆಲಸವಿದು. ಸುರಪುರ ಸಂಸ್ಥಾನದ ಇಂಥ ಕಲ್ಲುಗಳ ಬಗ್ಗೆ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1853ರಲ್ಲೇ ಲೇಖನ ಬರೆದ. ಇನ್ನೂ ಆಚೆ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದ ಕೈಗೊಡಲಿಗಳ ಕಾರ್ಯಾಗಾರ ಸುಮಾರು 12 ಲಕ್ಷ ವರ್ಷ ಹಳೆಯದೆಂದು ಗೊತ್ತಾಗಿದೆ. ಏನೂ ಇಲ್ಲ ಎಂದ ಗೆಳೆಯರನ್ನು ಈ ಸಾಲುಗಳ ನಡುವೆ ನಿಲ್ಲಿಸಬೇಕು ಅನಿಸಿತು. ಕಲ್ಲು ಒಡೆದುಕೊಂಡು ಹೋದ ಗುರುತುಗಳೂ ಅಲ್ಲಲ್ಲಿ ಇದ್ದವು. ಅದಕ್ಕೆ ಯಾರನ್ನು ದೂರುವುದು? ಕಾಯಬೇಕೆಂದು ನಾವು ಯಾವತ್ತೂ ಗಟ್ಟಿಯಾಗಿ ಕೇಳಲೇ ಇಲ್ಲ.

ಸುರಪುರದ ದಾರಿ ನೀರಾವರಿಯ ಸೀಮೆ. ಕಾಲುವೆ, ಗದ್ದೆ, ಹುಲ್ಲು ಹೇರಿದ ಟ್ರ್ಯಾಕ್ಟರುಗಳು. ಹಿಂದೆ ಕೆಂಪುದೀಪವಿಲ್ಲದ ಆ ಟ್ರ್ಯಾಕ್ಟರುಗಳ ಕಾರಣಕ್ಕೇ ಇಲ್ಲಿ ಸಂಜೆಯ ಮೇಲೆ ಸೈಕಲ್ ತುಳಿಯಬಾರದೆಂದು ಬರೆದುಕೊಂಡೆ.

ಸುರಪುರದ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಡಿಸುತ್ತಿದ್ದ ಅವ್ವ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿ, ‘ಸೈಕಲ್ ತುಳ್ಯಾಂವ ಉಣ್ಣಬೇಕಪಾ’ ಎಂದರು. ಹಿಂದಿನ ರಾತ್ರಿ ಬೇರೊಂದು ಊರಿನ ಲಾಡ್ಜಿನಲ್ಲಿ ಸೈಕಲ್ ನಿಲ್ಲಿಸುವುದಕ್ಕೆ ಬೇರೆ ದುಡ್ಡು ಕೇಳಿ ಜಗಳವಾಡಿದ್ದರ ಕಹಿ ಅಲ್ಲಿಗೆ ಇಳಿಯಿತು.

ಗುಡ್ಡದ ಮೇಲಿರುವ ಟೇಲರನ ಬಂಗಲೆ ಟೇಲರ್ ಮಂಜಿಲ್‌ಗೆ ಹತ್ತಿದೆ. ಟೇಲರ್ ಇಲ್ಲಿಗೆ ಬಂದದ್ದು 1841ರಲ್ಲಿ, ಬಿಟ್ಟದ್ದು 1853ರಲ್ಲಿ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ. 1858ರಲ್ಲಿ ಅದೇ ರಾಜ ಬ್ರಿಟಿಷರ ಮೇಲೆ ಬಿದ್ದು, ಸೆರೆಯಾಗಿ, ಬೇರೆ ಕಡೆ ಸಾಗಿಸುವ ದಾರಿಯಲ್ಲಿ ಗುಂಡೇಟಿಗೆ ಸತ್ತ. ಅದಕ್ಕೂ ಹಿಂದೆ, 1705ರಲ್ಲಿ, ಪಕ್ಕದ ವಾಗಣಗೇರಾ ಕೋಟೆಯ ಮುಂದೆ ಮುದುಕ ಔರಂಗಜೇಬ ತಾನೇ ಬಂದು ಮುತ್ತಿಗೆ ಹಾಕಿದ್ದ. ಅವನು ಖುದ್ದಾಗಿ ನಡೆಸಿದ ಕೊನೆಯ ದಂಡಯಾತ್ರೆ ಅದು. ದಿಲ್ಲಿಯ ಸಾಮ್ರಾಟನನ್ನು ತಡೆದು ನಿಲ್ಲಿಸಿದ ಬೇಡ ನಾಯಕರ ಊರನ್ನು ನಮ್ಮ ಪಠ್ಯಪುಸ್ತಕಗಳು ಎರಡು ಸಾಲಿನಲ್ಲಿ ದಾಟಿಬಿಡುತ್ತವೆ.

ರಾತ್ರಿ ಸುರಪುರದಲ್ಲೇ ಕೂತು ಯೋಜನೆಯನ್ನು ತಿದ್ದಿದೆ. ತಿಂಥಣಿಯಲ್ಲಿ ಕೃಷ್ಣೆಯನ್ನು ಬೆಳಗಿನ ಹೊತ್ತು ದಾಟಬೇಕು, ಮೌನೇಶ್ವರನ ಗುಡಿಯ ಹತ್ತಿರ ನಿಲ್ಲಬೇಕು. ಸುರಪುರಕ್ಕೆ ಎರಡು ರಾತ್ರಿ: ಒಂದು ದಿನ ಬೋನಾಳ ಕೆರೆಯ ಹಕ್ಕಿಗಳಿಗೆ, ಒಂದು ದಿನ ಏನೂ ಮಾಡದೆ ಊರಿನಲ್ಲಿರಲು. ಜನವರಿಯ ಆರಂಭದಲ್ಲಿ ಕನ್ಯಾಕುಮಾರಿ ಬಿಟ್ಟರೆ ಬಿಸಿಲು ಏರುವ ಮುಂಚೆ ಬೀದರ್ ದಾಟಬಹುದು. ಬೆಳಿಗ್ಗೆ ಶಹಾಪುರಕ್ಕೆ ಫೋನ್ ಮಾಡಿ, ಮನೆಯಲ್ಲಿರುವ ಅಣ್ಣನ ಹಳೆಯ ಉಕ್ಕಿನ ರೇಂಜರಿಗೆ ಎರಡು ಚಕ್ರ ಕಟ್ಟಿಕೊಡುತ್ತೀರಾ ಎಂದು ಚಾಚಾರನ್ನು ಕೇಳಿದೆ. ರಿಮ್ಮು, ಕಡ್ಡಿ ನೀವು ತರಬೇಡಿ, ಕಲಬುರಗಿಯಿಂದ ನಾನೇ ತರಿಸುತ್ತೇನೆ, ಗಾಡಿಯನ್ನು ಮಾತ್ರ ಬಸ್ಸಿಗೆ ಹಾಕಿ ಕಳಿಸಿ ಎಂದರು.