ಪ್ರಾಕ್ಸಿ ಹಾಕುವವನೇ ಗೈರು

ಶುಕ್ರವಾರ, ಡೊಂಬಿವಲಿ. ಹತ್ತಕ್ಕೆ ಹೋದ ಲೈಟು ಬಂದದ್ದು ಹನ್ನೆರಡೂವರೆಗೆ. ನಮ್ಮ ಇನ್‌ವರ್ಟರು ಫ್ಯಾನಿಗೆ, ಟ್ಯೂಬ್‌ಲೈಟಿಗೆ ಮಾತ್ರ. ಆನ್ ಇದ್ದ ಕಂಪ್ಯೂಟರು ಇದ್ದಂತೆಯೇ ಆರಿಹೋಗಿತ್ತು. ಮತ್ತೆ ಶುರು ಮಾಡಿದರೆ ಒಂದು ಪುಟವೂ ತೆರೆಯುತ್ತಿಲ್ಲ. ಪ್ರಾಕ್ಸಿ ಸರ್ವರಿನಲ್ಲಿ ಏನೋ ತೊಂದರೆ ಅನ್ನುತ್ತದೆ ಕ್ರೋಮ್. ನಾನು ಯಾವ ಪ್ರಾಕ್ಸಿಯನ್ನೂ ಕೇಳಿರಲಿಲ್ಲ.

ರೂಟರ್ ಆಫ್ ಮಾಡಿ ಆನ್ ಮಾಡಿದೆ. ಪ್ರಯೋಜನವಿಲ್ಲ. ಅದೇ ವೈಫೈಯಲ್ಲಿ ಮೊಬೈಲು ಆರಾಮಾಗಿ ಓಡುತ್ತಿದೆ.

ಕಪ್ಪು ಪರದೆ ತೆರೆದು 8.8.8.8ಕ್ಕೆ ಪಿಂಗ್ ಹೊಡೆದೆ. ನಾಲ್ಕಕ್ಕೆ ನಾಲ್ಕೂ ಉತ್ತರ ಬಂತು. ಎಡ್ಜ್ ತೆರೆದೆ, ಇಲ್ಲ. ಫೈರ್‌ಫಾಕ್ಸ್ ತೆರೆದೆ, ಪುಟ ಬಂದೇಬಿಟ್ಟಿತು! ಒಂದೇ ಮನೆ, ಒಂದೇ ತಂತಿ. ಒಬ್ಬನಿಗೆ ಊಟ, ಇಬ್ಬರಿಗೆ ಉಪವಾಸ.

ಐರೋಲಿಯ ಆಫೀಸಿನಲ್ಲಿದ್ದ ಮಗಳಿಗೆ ಫೋನ್ ಮಾಡಿದೆ.

"ಅಪ್ಪಾ, ರಾತ್ರಿ ನಾನು ಪ್ರಾಕ್ಸಿ ಕ್ಲೈಂಟ್ ಹಾಕಿದ್ದೆ, ಬಂದ್ ಮಾಡೋದು ಮರೆತೆ. ಸೆಟ್ಟಿಂಗ್ಸ್ ನೋಡು."

"ಕಾಲೇಜಲ್ಲಿ ನಾವು ಹಾಕ್ತಿದ್ದ ಪ್ರಾಕ್ಸಿನಾ?"

"ಹೆಚ್ಚುಕಡಿಮೆ ಅದೇ. ನನಗೀಗ ಮೀಟಿಂಗ್." ಇಟ್ಟುಬಿಟ್ಟಳು.

ನೋಡಿದೆ. ಪ್ರಾಕ್ಸಿ ಸ್ವಿಚ್ಚು ಆನ್. ವಿಳಾಸ 127.0.0.1, ಪೋರ್ಟ್ 8080. ಇದು ಯಾವ ಊರಪ್ಪಾ ಎಂದು ಹುಡುಕಿದರೆ, ಯಾವ ಊರೂ ಅಲ್ಲ, ಇದೇ ಕಂಪ್ಯೂಟರು! 127ರಿಂದ ಶುರುವಾಗುವ ವಿಳಾಸಗಳು ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು. ಅಷ್ಟೂ ಯಂತ್ರ ತನ್ನೊಡನೆ ತಾನೇ ಮಾತಾಡಿಕೊಳ್ಳಲು ಮೀಸಲಂತೆ. ಒಂದು ಸಾಲದೇ? ಇಲ್ಲಿ ಮನುಷ್ಯನಿಗೆ ಒಂದು ಖೋಲಿ ಸಿಗುವುದೇ ಕಷ್ಟ.

ನೆಟ್‌ಸ್ಟ್ಯಾಟ್ ಹಾಕಿ ನೋಡಿದೆ. 8080ರ ಬಾಗಿಲಲ್ಲಿ ಯಾರೂ ಕೂತಿಲ್ಲ.

ಆಗ ಹೊಳೆಯಿತು. ಕ್ಲೈಂಟು ಶುರುವಾಗುವಾಗ 'ಇನ್ನು ಎಲ್ಲವೂ ನನ್ನ ಮೂಲಕ' ಎಂದು ವಿಂಡೋಸಿಗೆ ಬರೆಸಿಕೊಳ್ಳುತ್ತದೆ. ಬಂದ್ ಮಾಡಿದಾಗ ಬರೆಸಿದ್ದನ್ನು ಅಳಿಸಿ ಹೋಗುತ್ತದೆ. ಲೈಟು ಹೋದಾಗ ಅಳಿಸಲು ಪುರುಸೊತ್ತೆಲ್ಲಿ? ಕ್ಲೈಂಟು ಸತ್ತಿತು, ಬರಹ ಉಳಿಯಿತು. ಕ್ರೋಮ್, ಎಡ್ಜ್ ಎರಡೂ ಆ ಬರಹವನ್ನು ನಂಬಿ ಖಾಲಿ ಬಾಗಿಲು ತಟ್ಟುತ್ತಿದ್ದವು. ಹಾಜರಿ ಕೂಗಬೇಕಾದ ಗೆಳೆಯನೇ ಅಂದು ಕ್ಲಾಸಿಗೆ ಬಂದಿಲ್ಲ.

ಫೈರ್‌ಫಾಕ್ಸಿಗೆ ಪ್ರಾಕ್ಸಿಯ ಸೆಟ್ಟಿಂಗ್ ಬೇರೆಯೇ ಇದೆ. ಅದರಲ್ಲಿ 'ಪ್ರಾಕ್ಸಿ ಬೇಡ' ಎಂದು ಎಂದೋ ಯಾರೋ ಗುರುತು ಹಾಕಿದ್ದಾರೆ. ನಾನೇ ಇರಬೇಕು.

ಪಿಂಗ್ ಹೇಗೆ ಹೋಯಿತು ಎಂಬುದು ಇನ್ನೂ ಕಾಡುತ್ತಿತ್ತು. ಅದು ಪ್ರಾಕ್ಸಿಯತ್ತ ತಿರುಗಿಯೂ ನೋಡುವುದಿಲ್ಲವಂತೆ. ಮಗಳು ಐರೋಲಿಗೆ ಹೋಗುವುದು ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು. ಠಾಣೆಯಲ್ಲಿ ಗಾಡಿ ನಿಂತರೆ ಅವಳ ಆಫೀಸೂ ನಿಂತಂತೆ, ಶಿಳ್‌ಫಾಟಾ ರಸ್ತೆ ತೆರೆದೇ ಇದ್ದರೂ. ಪಿಂಗ್ ಹೋದದ್ದು ಶಿಳ್‌ಫಾಟಾದ ಮೇಲೆ.

ಸ್ವಿಚ್ಚು ಆಫ್ ಮಾಡಿದೆ. ಕ್ರೋಮ್ ತೆರೆಯಿತು. ಹಾಗಾದರೆ ರೂಟರಿಗೆ ಅಷ್ಟೊಂದು ಬೈದದ್ದು ಸುಮ್ಮನೆ.

ರಾತ್ರಿ ಮಗಳು ಬಂದು ಕ್ಲೈಂಟ್ ಹಾಕಿದಳು. ಸ್ವಿಚ್ಚು ತಾನಾಗಿ ಆನ್ ಆಯಿತು. ಬಂದ್ ಮಾಡಿಸಿದೆ, ಆಫ್ ಆಯಿತು. ಮೂರು ಸಲ ಮಾಡಿಸಿ ನೋಡಿದೆ. "ಸಾಕಪ್ಪಾ" ಅಂದಳು.

ಕಂಪ್ಯೂಟರಿನ ಪ್ಲಗ್ಗು ಇನ್ನೂ ಇನ್‌ವರ್ಟರ್ ಇಲ್ಲದ ಬೋರ್ಡಿನಲ್ಲೇ ಇದೆ.